ನಮ್ಮ ಅಡುಗೆಮನೆಯ ಬೀಗರು

ನಾನು ಇಲಿಯನ್ನು ಇಲಿ ಎಂದೇ ಕರೆಯುತ್ತೇನೆ. ಅಡುಗೆಮನೆಯ ನಟ್ಟನಡುವೆ ನಿಂತು, ಒಲೆಯ ಮೇಲೆ ಬೇಳೆ ಕುದಿಯುತ್ತಿರುವಾಗ, ಬಾಯಿ ತುಂಬ ಕರೆಯುತ್ತೇನೆ. ಇದರಲ್ಲಿ ಏನು ದೊಡ್ಡಸ್ತಿಕೆ ಎಂದು ನಿಮಗೆ ಅನ್ನಿಸಬಹುದು. ಬ್ಯಾಡಗಿಯ ಈ ಮನೆಗೆ ನೀವು ಸೊಸೆಯಾಗಿ ಬಂದಿದ್ದರೆ ಅನ್ನಿಸುತ್ತಿರಲಿಲ್ಲ.

ನನ್ನ ಅತ್ತೆಯ ಪ್ರಕಾರ ಇಲಿಗೆ ಕಿವಿ ಚುರುಕು, ಮನಸ್ಸು ಸಣ್ಣದು. ಹೆಸರು ಹಿಡಿದು ಬೈದರೆ ಎಲ್ಲವನ್ನೂ ಕೇಳಿಸಿಕೊಂಡು ಹೋಗಿ, ಮನೆಯವರ ಬಟ್ಟೆಯ ಮೇಲೆ ಸೇಡು ತೀರಿಸಿಕೊಳ್ಳುತ್ತದೆ. ಈ ನಂಬಿಕೆ ನಮ್ಮ ಕಡೆ ಹೊಸದೇನಲ್ಲ. ಗಣೇಶ ಚೌತಿಯ ಮರುದಿನ ಮಣ್ಣಿನ ಇಲಿಗೆ ಕಡುಬಿನ ಎಡೆ ಇಟ್ಟು, ಅವತ್ತು ಕತ್ತರಿ ಸೂಜಿ ಮುಟ್ಟದ ಮನೆಗಳು ಬೇಕಾದಷ್ಟಿವೆ. ಅವರಿಗೆ ಅದು ಒಂದು ದಿನದ ವ್ರತ. ನನ್ನ ಅತ್ತೆಗೆ ವರ್ಷವಿಡೀ ವ್ರತ. ಅವರ ಬಾಯಲ್ಲಿ ಆ ಎರಡಕ್ಷರವನ್ನು ನಾನು ಕೇಳಿರಲೇ ಇಲ್ಲ. ಗಾದೆಯನ್ನೂ ತಿದ್ದಿಕೊಂಡಿದ್ದರು: ಗುಡ್ಡ ಅಗೆದು ಬೀಗರನ್ನು ಹಿಡಿದರಂತೆ.

ಹೌದು, ಬೀಗರು. ಈ ಮನೆಯಲ್ಲಿ ಇಲಿಗಳಿಗೆ ಬೀಗರು ಎಂದು ಹೆಸರು. "ಕರೀಲಾರದ ಬರ್ತಾರ, ಇದ್ದದ್ದು ಉಂಡು ಹೋಗ್ತಾರ, ನಾವು ಒಂದ್ ಮಾತು ಅನ್ನಾಂಗಿಲ್ಲ. ಬೀಗರಲ್ಲದ ಮತ್ಯಾರು?" ಎಂದು ಅತ್ತೆಯ ಅತ್ತೆ ಯಾವ ಕಾಲದಲ್ಲೋ ಇಟ್ಟ ಹೆಸರಂತೆ. ನಾನು ಹೊಸದಾಗಿ ಬಂದಾಗ ಉಪ್ಪಿನ ಭರಣಿ ತೋರಿಸಿದರು, ಗ್ಯಾಸಿನ ಗುಂಡಿ ಯಾವ ಕಡೆ ತಿರುಗಿಸಬೇಕೆಂದು ತೋರಿಸಿದರು, ಇದೊಂದನ್ನು ಮಾತ್ರ ಹೇಳಲಿಲ್ಲ.

ಮದುವೆಯಾದ ಮೂರನೆಯ ವಾರ ಮೇಡ್ಲೇರಿಯಿಂದ ಅಪ್ಪ ಅವ್ವ ಬಂದು ಒಂದು ದಿನ ಇದ್ದು ಹೋದರು. ಮರುದಿನ ಬೆಳಿಗ್ಗೆ ಅತ್ತೆ ಶೇಂಗಾ ಡಬ್ಬಿಯ ಮುಚ್ಚಳ ತೆಗೆದು, ಪಕ್ಕದ ಮನೆಯಾಕೆಗೂ ಕೇಳುವ ಹಾಗೆ ದನಿ ತೆಗೆದರು. "ನೋಡವಾ ಬೀಗರ ಕೆಲಸಾ! ಅರ್ಧಾ ಡಬ್ಬಿ ಖಾಲಿ. ತಿಂದದ್ದಲ್ಲದ ಒಲಿಕಟ್ಟಿ ಮ್ಯಾಲ ಹೊಲಸು ಬ್ಯಾರೆ ಮಾಡಿ ಹೋಗ್ಯಾರ."

ಹಿಂದಿನ ದಿನ ಆ ಒಲೆಕಟ್ಟೆಯನ್ನು ತಿಕ್ಕಿ ತೊಳೆದಿದ್ದವಳು ನನ್ನ ಅವ್ವ. ಆ ಶೇಂಗಾ ತಂದುಕೊಟ್ಟವನು ನನ್ನ ಅಪ್ಪ. ನಾನು ಅಳುವ ಜಾತಿಯವಳಲ್ಲ. ಬ್ಯಾಗಿಗೆ ಸೀರೆ ತುಂಬತೊಡಗಿದೆ. ಮೋಟೆಬೆನ್ನೂರಿನ ಹೆದ್ದಾರಿ ಪಕ್ಕದಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಗಂಡ ಊಟಕ್ಕೆಂದು ಮಧ್ಯಾಹ್ನ ಬಂದವನು ವಿಷಯ ಕೇಳಿ ಗೋಡೆ ಹಿಡಿದುಕೊಂಡು ನಕ್ಕ. ಆಮೇಲೆ ನನ್ನನ್ನು ಅಂಗಳದ ನಲ್ಲಿಯ ತನಕ ಕರೆದುಕೊಂಡು ಹೋಗಿ, ನೀರು ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಗುಟ್ಟು ಹೇಳಿದ.

"ಇಲಿನಾ!" ಎಂದು ನಾನು ಕಿರುಚಿದೆ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಅಡುಗೆಮನೆಯ ಗಣಪನ ಪಟದ ಮುಂದೆ ನಿಂತುಬಿಟ್ಟರು. "ಹೊಸಾಕಿ ಅದಾಳಪ್ಪಾ, ಆಕಿಗೆ ಗೊತ್ತಿಲ್ಲ. ಹೊಟ್ಯಾಗ ಹಾಕ್ಕೋ."

ಅವರ ಹೆದರಿಕೆಗೆ ನಾನೂ ಒಂದು ಕಾರಣ ಎಂಬುದು ಆಮೇಲೆ ತಿಳಿಯಿತು. ನಾನು ಹೊಲಿಗೆಯವಳು. ನಡುಮನೆಯಲ್ಲಿ ನನ್ನ ಮಷೀನು, ಅದರ ಮೇಲೆ ಹಗ್ಗಕ್ಕೆ ನೇತುಹಾಕಿದ ಗಿರಾಕಿಗಳ ಕುಪ್ಪಸದ ಬಟ್ಟೆ. "ನಮ್ಮವು ಕಡದ್ರ ಕಡೀಲಿ. ಮಂದಿ ಅರಿಬಿ ಕಡದ್ರ ಏನಂತ ಉತ್ತರಾ ಕೊಡ್ತಿ?" ಎಂದು ಕೇಳಿದರು. ಅಡುಗೆಮನೆಯಲ್ಲಿ ಆ ಮಾತು ಆಡುವುದಿಲ್ಲ ಎಂದು ಒಪ್ಪಿಕೊಂಡೆ. ನಾನು ಸೋತದ್ದು ಅಲ್ಲೊಂದೇ ಕಡೆ, ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಹೆಸರು ಹೇಳದೆ ಯುದ್ಧ ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ನನ್ನ ಗಂಡ ಬೋನು ತಂದ. ಅತ್ತೆ ಅದರ ಪಕ್ಕದಲ್ಲಿ ನಿಂತು, ಮೂಲೆಯ ತೂತಿಗೆ ಕೇಳುವ ಹಾಗೆ, "ಇದು ಏನಲ್ಲವಾ, ರೊಟ್ಟಿ ಇಡೋ ಪೆಟ್ಟಿಗಿ" ಎಂದರು. ಇಲಿ ನಂಬಿದ ಹಾಗೆ ಕಾಣಲಿಲ್ಲ. ಅಂಟಿನ ರಟ್ಟು ಬಂತು. ಅದಕ್ಕೆ ಮೊದಲ ದಿನ ಹಲ್ಲಿ ಅಂಟಿತು, ಎರಡನೆಯ ದಿನ ಸೌಟು, ಮೂರನೆಯ ದಿನ ಅತ್ತೆಯ ಸೆರಗು. ಬೀದಿಯ ಬೆಕ್ಕಿಗೆ ಹಾಲು ಹಾಕಿ ಸಾಕಿಕೊಂಡೆವು. ಅದು ಹಾಲು ಕುಡಿದು ಹಿಟ್ಟಿನ ಡಬ್ಬಿಯ ಮೇಲೆ ಮಲಗಿ ನಿದ್ದೆ ಮಾಡಿತು.

ಕೊನೆಗೆ ಅತ್ತೆಯೇ ಒಂದು ಉಪಾಯ ಮಾಡಿದರು. ತೂತಿಗೆ ಮೆಣಸಿನಕಾಯಿ ತುರುಕಿದರೆ ಘಾಟಿಗೆ ಓಡಿಹೋಗುತ್ತವೆ ಎಂದು, ಒಳ್ಳೆಯ ಡಬ್ಬಿ ತಳಿಯ ಮೆಣಸಿನಕಾಯನ್ನೇ ಒಂದು ಬೊಗಸೆ ತುರುಕಿದರು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಇದು ಊರಿಗೆಲ್ಲ ಗೊತ್ತು. ಇಲಿಗೂ ಗೊತ್ತಿತ್ತು. ಬೆಳಗಾಗುವಷ್ಟರಲ್ಲಿ ಮೆಣಸಿನಕಾಯನ್ನೆಲ್ಲ ಹೊರಗೆಳೆದು, ಸಿಪ್ಪೆ ಹರಿದು, ಬೀಜ ಹರಡಿ ಹೋಗಿದ್ದವು. "ಖಾರ ಸಾಲಿಲ್ಲಂತ ಕಾಣತೈತಿ, ಬೀಗರಿಗೆ" ಎಂದು ನನ್ನ ಗಂಡ ಅಂದ. ಅತ್ತೆಗೆ ಆ ಮಾತು ಊರ ಮೇಲೇ ಬಂದ ಹಾಗಾಯಿತು, ಅವತ್ತೆಲ್ಲ ಅವನ ಜೊತೆ ಮಾತಾಡಲಿಲ್ಲ.

ಇಷ್ಟರ ತನಕ ಎಲ್ಲವೂ ನಗುವ ಮಾತೇ. ನಗು ನಿಂತದ್ದು ನಾಲ್ಕು ವರ್ಷದ ಹಿಂದೆ.

ಅದು ಮೆಣಸಿನಕಾಯಿ ಸುಗ್ಗಿ. ಊರಿಗೆ ಊರೇ ಸೀನುವ ದಿನಗಳು. ಅಪ್ಪ ಹೊಸ ಜೋಳ ಕೊಡಲು ಬಂದು ಒಂದು ದಿನ ಇದ್ದು ಹೋಗಿದ್ದ. ಹೋಗುವಾಗ ತನ್ನ ಚಾಳೀಸು ಮರೆತ. ಓದುವ ಕನ್ನಡಕಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಎರಡು ದಿನ ಬಿಟ್ಟು ಅದನ್ನು ಒಯ್ಯಲು ಬೆಳಗಿನ ಬಸ್ಸಿಗೆ ಮತ್ತೆ ಬಂದ. ಪಡಸಾಲೆಯಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟು, ಚಾಳೀಸು ತರಲು ನಾನು ನಡುಮನೆಗೆ ಹೋದೆ. ಅತ್ತೆ ಹಿತ್ತಲಿನಿಂದ ನೇರವಾಗಿ ಅಡುಗೆಮನೆಗೆ ಬಂದಿದ್ದರು. ಅಪ್ಪ ಬಂದದ್ದು ಅವರಿಗೆ ಗೊತ್ತಿರಲಿಲ್ಲ. ಹಿಟ್ಟಿನ ಡಬ್ಬಿಯ ಮುಚ್ಚಳ ಕೆಳಗೆ ಬಿದ್ದ ಸದ್ದು ಬಂತು, ಅದರ ಹಿಂದೆಯೇ ಅವರ ದನಿ.

"ಬಂದ್ರಲ್ಲ ಬೀಗರು! ಮೊನ್ನೆರೆ ಬಂದು ತಿಂದು ಹೋಗೀರಿ, ಇಷ್ಟು ಲಗೂ ಮತ್ತ ಹಸಿವಾತೇನು? ಅದೇನ್ ಹೊಟ್ಟಿನೋ ಹಗೇವೋ? ನಾಚಿಕಿ ಅನ್ನೋದರೆ ಐತಿಲ್ಲೋ ನಿಮಗ!"

ಹಗೇವು ಎಂದರೆ ನೆಲದಲ್ಲಿ ತೋಡಿ ಕಾಳು ತುಂಬುವ ಗುಂಡಿ, ಎಷ್ಟು ಚೀಲ ಸುರಿದರೂ ನುಂಗುತ್ತದೆ. ನಾನು ಚಾಳೀಸು ಹಿಡಿದು ಓಡಿ ಬರುವಷ್ಟರಲ್ಲಿ ಅಪ್ಪ ಚಪ್ಪಲಿ ಮೆಟ್ಟಿದ್ದ. ನೀರಿನ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು.

"ಅಪ್ಪಾ, ಅದು ನಿನಗಲ್ಲ. ಇಲಿಗೆ ಅಂದದ್ದು. ಇವರು ಇಲಿಗೆ ಬೀಗರು ಅಂತಾರ."

ಅಪ್ಪ ನನ್ನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಜಗಳ ಮಾಡುತ್ತಿದ್ದೆ. ಸಿಟ್ಟಿರಲಿಲ್ಲ, ಮರುಕವಿತ್ತು. "ಆತ್ ಬಿಡವ್ವಾ. ನಿನ್ನ ಮನಿ ಮಾನ ನೀನ ಕಾಯಬೇಕು. ಚೊಲೋ ಮಾಡ್ತಿ" ಎಂದು ನನ್ನ ತಲೆ ಮುಟ್ಟಿ ನಡೆದುಬಿಟ್ಟ. ಚಾಳೀಸು ನನ್ನ ಕೈಯಲ್ಲೇ ಉಳಿಯಿತು.

ನಾನು ನಿಜ ಹೇಳಿದ್ದೆ. ಅದು ಸುಳ್ಳಿಗಿಂತ ಕೆಟ್ಟದಾಗಿ ಕೇಳಿಸಿತ್ತು. ಗಂಡನ ಮನೆಯ ಹುಳುಕು ಮುಚ್ಚಲು ಮಗಳು ಇಲಿಯ ಕತೆ ಕಟ್ಟಿದಳು ಎಂದೇ ಅಪ್ಪ ತಿಳಿದ. ನಾನು ಇನ್ನು ಎಷ್ಟು ಹೇಳಿದರೂ ಅಷ್ಟೇ, ನನ್ನ ಗಂಡ ಹೇಳಿದರೂ ತಾಯಿಯ ಪರ ಎಂದೇ ಆಗುತ್ತಿತ್ತು. ಹೇಳಬೇಕಾದವರು ಅತ್ತೆ, ಹೇಳಬೇಕಾದದ್ದು ಆ ಎರಡಕ್ಷರ.

ಅತ್ತೆಗೆ ವಿಷಯ ತಿಳಿದಾಗ ಹಿಟ್ಟಿನ ಕೈಯಲ್ಲೇ ಕುಸಿದು ಕುಳಿತರು. ಅವರು ಕೆಟ್ಟವರಲ್ಲ, ಇದನ್ನು ಹೇಳದಿದ್ದರೆ ನನಗೆ ಅನ್ನ ದಕ್ಕುವುದಿಲ್ಲ. ಅವತ್ತೇ ಮಧ್ಯಾಹ್ನ ಫೋನು ಹಚ್ಚಿಸಿಕೊಂಡರು. ಸ್ಪೀಕರಿನಲ್ಲಿ ನಾನೂ ಕೇಳುತ್ತಿದ್ದೆ.

"ಬೀಗರ, ನಾ ಮುಂಜಾನಿ ಅಂದದ್ದು ನಿಮಗಲ್ಲರಿ. ಆ ಬೀಗರಿಗೆ."

"ಯಾವ ಬೀಗರಿಗ್ರಿ? ನಿಮಗ ಇರೋದು ಒಬ್ಬನ ಮಗ. ಬೀಗರು ಅಂದ್ರ ನಾವ ಅಲ್ಲೇನ್ರಿ?"

"ಹಂಗಲ್ಲರಿ. ಅವರಿಗೆ... ಆ ಸಣ್ಣವರಿಗೆ."

"ಹೌದ್ರಿ" ಎಂದ ಅಪ್ಪ. "ನಾವು ಸಣ್ಣ ಮಂದಿನ."

ನಾನು ಫೋನಿನ ಈಚೆಯಿಂದ ಕೈಸನ್ನೆ ಮಾಡಿದೆ, ಹೇಳಿರಿ, ಹೇಳಿಬಿಡಿರಿ ಎಂದು. ಅತ್ತೆ ಮೂಲೆಯ ತೂತು ನೋಡಿದರು, ನಡುಮನೆಯ ಹಗ್ಗದ ಮೇಲಿನ ಬಟ್ಟೆ ನೋಡಿದರು, ಬಾಯಿ ತೆರೆದರು, ಮುಚ್ಚಿದರು. "ಬಾಲ ಇದ್ದವರಿಗೆರಿ" ಎನ್ನುವಷ್ಟರಲ್ಲಿ ಅಪ್ಪ ಫೋನು ಇಟ್ಟಿದ್ದ.

ಅಪ್ಪ ಬರುವುದನ್ನು ಬಿಟ್ಟ. ಯುಗಾದಿಗೆ ಬರಲಿಲ್ಲ. ಪಂಚಮಿಗೆ ಮಗಳನ್ನು ಕರೆಯಲು ಬರದ ತಂದೆ ನಮ್ಮ ಕಡೆ ಇಲ್ಲ. ಅಪ್ಪ ಬರಲಿಲ್ಲ, ಉಂಡಿಯ ಡಬ್ಬಿಯನ್ನು ಬಸ್ಸಿನಲ್ಲಿ ಕಳಿಸಿ ಫೋನು ಮಾಡಿದ. ಆರಾಮ ಅದೀರೇನು, ನಾವೂ ಆರಾಮ ಅದೀವಿ. ಅಷ್ಟೇ. ಅವ್ವನ ಚಾಳೀಸಿನಲ್ಲೇ ಪೇಪರು ಓದುತ್ತಿದ್ದಾನೆ ಎಂದು ಅವ್ವ ಹೇಳಿದಳು. ನಾನು ಉಂಡಿ ಮುರಿದು ಬಾಯಿಗಿಟ್ಟೆ, ಇಳಿಯಲಿಲ್ಲ. ನನ್ನ ಅಪ್ಪ ನನ್ನ ಮನೆಯಲ್ಲಿ ಒಂದು ತುತ್ತು ಉಣ್ಣದ ಹಾಗಾಗಿದ್ದು ಒಂದು ಇಲಿಯ ಮರ್ಯಾದೆ ಉಳಿಸಲಿಕ್ಕೆ! ಇದನ್ನು ನಾನು ಯಾಕೆ ಸಹಿಸಬೇಕು?

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋಗಿ, ಗ್ಯಾಸು ಹಚ್ಚುವ ಮೊದಲು ಮೂಲೆಯ ಕಡೆ ತಿರುಗಿ, "ಇಲಿ!" ಎಂದೆ.

ಅತ್ತೆಯ ಕೈಯಿಂದ ಲಟ್ಟಣಿಗೆ ಜಾರಿತು.

"ಇಲಿ. ಹಿಟ್ಟು ತಿನ್ನೋ ಇಲಿ. ಶೇಂಗಾ ತಿನ್ನೋ ಇಲಿ. ಬೀಗರಲ್ಲ, ಬಿಜ್ಜರಲ್ಲ, ಇಲಿ!"

"ಬ್ಯಾಡವಾ. ನಿನ್ನ ಕೈ ಮುಗೀತೇನಿ."

"ನನಗ ಕೈ ಮುಗೀಬ್ಯಾಡ್ರಿ ಅತ್ತೇರ. ಮೇಡ್ಲೇರಿಗೆ ನಡೀರಿ, ಅಪ್ಪನ ಮುಂದ ಇದೊಂದ ಮಾತು ಅನ್ರಿ."

"ಬೇಕಾದ್ರ ನಿಮ್ಮಪ್ಪನ ಕಾಲಿಗೆ ಬೀಳ್ತೇನಿ. ಆ ಮಾತು ಮಾತ್ರ ನನ್ನ ಬಾಯಾಗ ಬರಂಗಿಲ್ಲ."

ಅಂದಿನಿಂದ ದಿನಕ್ಕೆ ಮೂರು ಹೊತ್ತು, ಚಹಾಕ್ಕೊಮ್ಮೆ, ರೊಟ್ಟಿಗೊಮ್ಮೆ, ಸಾರಿಗೊಮ್ಮೆ ನಾನು ಇಲಿಯ ಹೆಸರು ಕೂಗಿದೆ. ಗಿರಾಕಿಗಳ ಬಟ್ಟೆಯನ್ನು ಕಪಾಟಿಗೆ ಹಾಕದೆ ಬೇಕೆಂದೇ ಹೊರಗೇ ಬಿಟ್ಟೆ. ಅವುಗಳಲ್ಲಿ ಹಾವೇರಿಯ ಮದುವೆ ಮನೆಯೊಂದರ ಹನ್ನೆರಡು ರೇಷ್ಮೆ ಕುಪ್ಪಸಗಳಿದ್ದವು. ನನಗೂ ಒಳಗೊಳಗೆ ಅಳುಕಿತ್ತು, ಆದರೆ ಅದನ್ನು ತೋರಿಸಿದ್ದರೆ ಕೇಳಿ. ಅತ್ತೆ ಕೋಲು ಹಿಡಿದು ಆ ಹಗ್ಗದ ಕೆಳಗೆ ಚಾಪೆ ಹಾಸಿಕೊಂಡು ಕುಳಿತರು. ಊಟವೂ ಅಲ್ಲೇ. ಎಂಟು ದಿನ ಕಳೆಯಿತು, ಒಂದು ದಾರ ಕೂಡ ಹರಿಯಲಿಲ್ಲ.

"ನೋಡ್ರಿ, ಕಡೀಲಿಲ್ಲ" ಎಂದೆ.

"ನಾ ಕಾದೇನಿ, ಅದಕ್ಕ ಕಡದಿಲ್ಲ" ಎಂದರು. ಇಂಥವರ ಜೊತೆ ಏನು ವಾದ ಮಾಡುತ್ತೀರಿ!

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಮುಚ್ಚಿಡುವುದಿಲ್ಲ.

ಅಡುಗೆಮನೆಯ ಮೂಲೆಯಲ್ಲಿ ಅತ್ತೆಯ ತಗಡಿನ ಟ್ರಂಕು ಇತ್ತು. ಅದರ ಒಂದು ಮೂಲೆ ತುಕ್ಕು ತಿಂದು ತೂತಾಗಿತ್ತು. ಒಳಗೆ ಅವರ ಒಂದೇ ಒಂದು ಒಳ್ಳೆಯ ಸೀರೆ: ಮದುವೆಯಲ್ಲಿ ಬೀಗತಿಗೆಂದು ನನ್ನ ಅಪ್ಪ ಕೊಟ್ಟ ಇಳಕಲ್ ಸೀರೆ, ಕೆಂಪು ಸೆರಗಿನದು. ಎಂಟು ದಿನ ಕಾದು ಬೆನ್ನು ನೋವು ಬಂದ ಅತ್ತೆ, ಒಂಬತ್ತನೆಯ ದಿನ ತಮ್ಮ ಅಕ್ಕನನ್ನು ನೋಡಲು ಕಾಗಿನೆಲೆಗೆ ಹೋದರು. ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಟ್ರಂಕು ತೆಗೆದೆ. ನನ್ನ ಹತ್ತಿರ ಗುಂಡಿಯ ಕಾಜಾ ಕತ್ತರಿಸುವ ಒಂದು ಪುಟ್ಟ ಕತ್ತರಿಯಿದೆ. ಸೆರಗಿನ ಒಂದು ಬದಿಯಲ್ಲಿ, ತುಕ್ಕಿನ ತೂತಿಗೆ ಸರಿಯಾಗಿ, ಚೂರು ಚೂರೇ ಕತ್ತರಿಸಿದೆ. ಇಲಿಯ ಹಲ್ಲಿನ ಹಾಗೆ ಅಂಚು ಕೊರೆದೆ, ಉಗುರಿನಿಂದ ಎಳೆ ಬಿಡಿಸಿದೆ. ಹೊಲಿಗೆಯವಳಿಗೆ ಬಟ್ಟೆ ಕೆಡಿಸುವುದೂ ಒಂದು ಕಸುಬೇ. ಎದೆ ಮಾತ್ರ ಸುಟ್ಟಿತು, ಯಾಕೆಂದರೆ ಆ ಸೀರೆಯನ್ನು ರಾಣೆಬೆನ್ನೂರಿನ ಅಂಗಡಿಯಲ್ಲಿ ಅಪ್ಪ ಆರಿಸುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ.

ಅತ್ತೆಯ ಭಯ ನಿಜವಾಗಿಬಿಟ್ಟರೆ ಆಮೇಲೆ ಭಯಪಡಲು ಏನು ಉಳಿಯುತ್ತದೆ? ಇದು ನನ್ನ ಲೆಕ್ಕಾಚಾರ. ತಪ್ಪೇ? ತಪ್ಪು. ಮತ್ತೆ ಅಂಥ ದಿನ ಬಂದರೆ ಮಾಡುತ್ತೀಯಾ ಎಂದು ಕೇಳಿದರೆ, ಮಾಡುತ್ತೇನೆ.

ಎರಡು ದಿನ ಕಳೆದು ಅತ್ತೆ ಟ್ರಂಕು ತೆಗೆದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಲಿಲ್ಲ. ಸೀರೆ ಹಿಡಿದು ಬಹಳ ಹೊತ್ತು ನೋಡಿದರು. ಬಗ್ಗಿ ಟ್ರಂಕಿನ ಒಳಗೆ ಕೈಯಾಡಿಸಿದರು. ನನ್ನ ಕಡೆ ಒಮ್ಮೆ ತಿರುಗಿದರು. ಆಮೇಲೆ ಅದೇ ಸೀರೆ ಉಟ್ಟುಕೊಂಡು, ತೂತು ಮುಂದೆ ಕಾಣುವ ಹಾಗೆ ಸೆರಗು ಹೊದ್ದು, ಬಾಗಿಲಲ್ಲಿ ನಿಂತರು.

"ಇಷ್ಟು ವರ್ಷ ಮರ್ಯಾದಿ ಕೊಟ್ಟೇನಿ, ಕಡುಬು ಇಟ್ಟೇನಿ, ಬೀಗರಂತ ಕರದೇನಿ. ಉಳಿಸ್ಕೊಳ್ಳಿಲ್ಲ. ಇನ್ನ ಕಡೀಲಿಕ್ಕೆ ಏನ್ ಉಳದೈತಿ? ನಡಿ ಮೇಡ್ಲೇರಿಗೆ. ಆ ಚಾಳೀಸು ತಗೋ."

ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿದೆವು, ಅತ್ತೆ ಚಹಾ ಬೇಡವೆಂದರು. ಊರು ಹತ್ತಿರವಾದಂತೆ ತುಟಿ ಅಲುಗುತ್ತಿದ್ದುದನ್ನು ನೋಡಿದೆ, ಪಾಠ ಒಪ್ಪಿಸಲಿರುವ ಹುಡುಗಿಯ ಹಾಗೆ.

ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದವನು ಗಾಬರಿಯಿಂದ ಎದ್ದ. "ಬರ್ರಿ, ಬರ್ರಿ ಬೀಗತೇರ, ಕುಂದ್ರಿ."

ಅತ್ತೆ ಕೂರಲಿಲ್ಲ. ಸೆರಗಿನ ತೂತನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದರು. "ಇದು ನೀವ ಕೊಟ್ಟ ಸೀರಿ. ಗುರುತು ಸಿಕ್ತೇನ್ರಿ?"

"ಸಿಕ್ತರಿ."

"ಇದನ್ನ ನೀವು ಕಡದೀರೇನ್ರಿ?"

"ಏನ್ ಮಾತಂತ ಆಡ್ತೀರಿ! ನಾ ಯಾಕ ಕಡೀಲಿ?"

"ಇ..." ಎಂದರು. ಮತ್ತೊಮ್ಮೆ ಉಸಿರು ತೆಗೆದುಕೊಂಡರು. "ಇಲಿ. ಇಲಿರಿ ಬೀಗರ! ನಮ್ಮ ಮನ್ಯಾಗ ಇಲಿ ಭಾಳ ಅದಾವ. ಅವತ್ತ ನಾ ಬೈದಿದ್ದು ಇಲಿಗೆ. ನಿಮಗಲ್ಲ. ನಿಮ್ಮ ಮಗಳು ಸುಳ್ಳು ಹೇಳಿಲ್ಲ."

ಅಪ್ಪ ನನ್ನ ಕೈಯಿಂದ ಚಾಳೀಸು ತೆಗೆದುಕೊಂಡು ಹಾಕಿಕೊಂಡ. ತೂತನ್ನು ನೋಡಿದ. ಅತ್ತೆಯ ಹಣೆಯ ಮೇಲಿನ ಬೆವರನ್ನು ನೋಡಿದ. ಅವನಿಗೆ ನಂಬಿಕೆ ಬಂದದ್ದು ತೂತಿನಿಂದಲ್ಲ, ಆ ಬೆವರಿನಿಂದ ಎಂದು ನನಗೆ ಖಾತ್ರಿಯಿದೆ. "ಆಗ್ಲಿ, ಒಳಗ ಬರ್ರಿ" ಎಂದ, ದನಿ ಒದ್ದೆಯಾಗಿತ್ತು. "ಬಿಸಲಾಗ ನಿಂತೀರಿ. ರೊಟ್ಟಿ ಉಣ್ಣೋಣು."

ಮುಂದಿನ ಭಾನುವಾರ ಅಪ್ಪ ನಮ್ಮ ಮನೆಗೆ ಬಂದ. ಅಡುಗೆಮನೆಯಲ್ಲೇ ಮಣೆ ಹಾಕಿಸಿಕೊಂಡು ಕುಳಿತ. ನಾಲ್ಕು ರೊಟ್ಟಿ, ಎಣ್ಣೆಗಾಯಿ, ಮೇಲೆ ಮೊಸರನ್ನ. ಐದನೆಯ ರೊಟ್ಟಿಗೆ ಬೇಡವೆಂದಾಗ ಅತ್ತೆ, "ಇಲಿನ ನಿಮಗಿಂತ ಹೆಚ್ಚು ಉಣ್ತಾವಲ್ಲರಿ" ಎಂದರು. ಅಪ್ಪ ನಕ್ಕ ನಗು ಬೀದಿಗೆ ಕೇಳಿಸಿತು. ಆಮೇಲೆ ನನ್ನ ಗಂಡ ಗಾಜಿನ ಚೂರು ಬೆರೆಸಿದ ಸಿಮೆಂಟಿನಿಂದ ಮೂಲೆಯ ತೂತು ಮುಚ್ಚಿದ. ಇಲಿಗಳು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ.

ಅಪ್ಪನನ್ನು ಬಸ್ಸು ಹತ್ತಿಸಿ ಬಂದಾಗ ಅತ್ತೆ ಆ ಸೀರೆಯನ್ನು ಮಡಚಿ ನನ್ನ ಮಷೀನಿನ ಮೇಲೆ ಇಟ್ಟು ಕಾಯುತ್ತಿದ್ದರು.

"ರಫೂ ಮಾಡಿ ಕೊಡು" ಎಂದರು. "ನಮ್ಮ ಮನಿ ಇಲಿ ಭಾಳ ಸ್ವಚ್ಛ ನೋಡವಾ. ಮಂದಿ ಮನ್ಯಾಗ ಕಡದ್ರ ಟ್ರಂಕಿನ ತುಂಬ ಚೂರು ಬಿದ್ದಿರ್ತಾವ. ನಮ್ಮದು ಕಡದು, ಚೂರು ಆರಿಸಿ, ಕಸಾ ಬಳದು ಹೋಗೈತಿ."

ಹೊಲಿಗೆಯವಳ ಚಾಳಿ. ಕತ್ತರಿಸಿದ ಮೇಲೆ ಚಿಂದಿ ಆರಿಸುವುದು ನನ್ನ ಕೈ ತಾನಾಗಿ ಮಾಡುವ ಕೆಲಸ, ಅವತ್ತೂ ಮಾಡಿತ್ತು. ಸೀರೆಯನ್ನು ಮಡಿಲಿಗೆ ಎಳೆದುಕೊಂಡು ಕೇಳಿದೆ, "ಗೊತ್ತಿದ್ದೂ ಯಾಕ ಬಂದ್ರಿ ಅತ್ತೇರ? ಖರೇ ಇಲಿ ಕಡದಿಲ್ಲ ಅಂದಮ್ಯಾಲ, ಆ ಮಾತು ಅನ್ನಾಕ ನಿಮಗ ಹೆದರಿಕಿ ಆಗಲಿಲ್ಲೇನು?"

"ಆತು. ಈಗೂ ಆಗತೈತಿ" ಎಂದರು. "ನೀ ನಿಮ್ಮಪ್ಪನ ಸಲುವಾಗಿ ಅವರ ಕೈಯಾರೆ ಕೊಟ್ಟ ಸೀರಿಗೆ ಕತ್ತರಿ ಹಾಕಿದಿ. ನಾ ಒಂದು ಮಾತು ಅನ್ನಬಾರದೇನು?"

ನಾನು ಸೂಜಿಗೆ ಕೆಂಪು ದಾರ ಪೋಣಿಸಿದೆ, ಎರಡು ಸಲ ತಪ್ಪಿತು. ಅತ್ತೆ ಪಕ್ಕದಲ್ಲಿ ಕುಳಿತು, ಹಗ್ಗದ ಮೇಲಿದ್ದ ಗಿರಾಕಿಗಳ ಬಟ್ಟೆಯನ್ನು ಒಂದೊಂದಾಗಿ ತೆಗೆದು, ಮಡಚಿ, ಕಪಾಟಿನೊಳಗೆ ಇಟ್ಟು ಚಿಲಕ ಹಾಕಿದರು.